ನಾಲ್ಕನೇ ಕೌಂಟರ್ ತೆರೆದಿದೆ

ಪೆಟ್ಟಿಗೆ ಎತ್ತಿದ ಹುಡುಗಿಯ ಎರಡೂ ಕೈಗಳು ಗಲ್ಲದವರೆಗೆ ಹಾರಿಹೋದವು.

ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋದ ಎಡವಟ್ಟು. ಉಳಿದ ಹನ್ನೊಂದು ಮಂದಿ ತಮ್ಮ ಪಾಡಿಗೆ ತಾವು ಕಪಾಟು ಜೋಡಿಸುತ್ತಿದ್ದರು. ನೋಡಿದವಳು ಟಿಕ್ಕಮ್ಮ ಒಬ್ಬಳೇ.

ಅನುದಾನ ಕಚೇರಿಯ ಪರಿಶೀಲಕಿಗೆ ಆ ಹೆಸರು ಅಂಟಿದ್ದು ಅವಳ ಕೆಂಪು ಪೆನ್ಸಿಲಿನಿಂದ. ಅವಳ ಟಿಕ್ ಬೀಳದೆ ಯಾವ ತರಬೇತಿ ಕೇಂದ್ರಕ್ಕೂ ಕೊನೆಯ ಕಂತು ಸಿಗುತ್ತಿರಲಿಲ್ಲ. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು. ಈಗ ಕಚೇರಿಯ ಜವಾನ ಕೂಡ ಮುಖದೆದುರೇ ಕರೆಯುವಷ್ಟು ಹೆಸರು ಹಳತಾಗಿತ್ತು. ಆದರೆ ಪೆನ್ಸಿಲು ಹಿಡಿಯುವ ಮೊದಲು ಹನ್ನೊಂದು ವರ್ಷ ಅವಳು ಅಂಗಡಿಗಳ ನೆಲದ ಮೇಲೆ ನಿಂತು ಹಿಮ್ಮಡಿ ಸವೆಸಿದ್ದಳು. ಭಾರ ಎತ್ತುವ ಕೈ ಯಾವುದು, ಹಗುರ ಎತ್ತುವ ಕೈ ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇದು ಅಂಗಡಿಯಲ್ಲ. ಮುಚ್ಚಿಹೋದ ಹಳೆಯ ದೊಡ್ಡ ಬಟ್ಟೆ ಅಂಗಡಿಯೊಂದರ ಹೊಟ್ಟೆಯೊಳಗೆ, ಅಂಗಡಿ ಕೆಲಸ ಕಲಿಸಲೆಂದು ಅನುದಾನದಲ್ಲಿ ಕಟ್ಟಿದ ಅಣಕು ಅಂಗಡಿ. ಕಲಿಯುವವರು ಇದಕ್ಕೆ ಇಟ್ಟ ಹೆಸರು ಸುಳ್ಳಂಗಡಿ. ಸಾಬೂನಿನ ಪೆಟ್ಟಿಗೆಯಲ್ಲಿ ಸಾಬೂನಿಲ್ಲ, ಎಣ್ಣೆಯ ಡಬ್ಬದಲ್ಲಿ ಎಣ್ಣೆಯಿಲ್ಲ. ಮೂರು ಕೌಂಟರು, ನಾಲ್ಕು ಸಾಲು ಕಪಾಟು, ಗೋಡೆಗೊರಗಿ ನಿಂತ ತಲೆಯಿಲ್ಲದ ಏಳು ಗೊಂಬೆಗಳು. ಗಿರಾಕಿಯೇ ಇಲ್ಲದ ಅಂಗಡಿಯಲ್ಲಿ ಹನ್ನೆರಡು ಮಂದಿ ನಾಲ್ಕು ತಿಂಗಳಿನಿಂದ ಗಾಳಿಗೆ ನಗುತ್ತ, ಗಾಳಿಗೆ ಚಿಲ್ಲರೆ ಕೊಡುತ್ತ ಬಂದಿದ್ದರು.

ಇಲ್ಲಿ ನಾಲ್ಕು ತಿಂಗಳು ಕಳೆದವರು ಪೆಟ್ಟಿಗೆಯನ್ನು ಎರಡೇ ಬೆರಳಲ್ಲಿ, ಬೆಕ್ಕಿನ ಮರಿ ಎತ್ತಿದ ಹಾಗೆ ಎತ್ತುತ್ತಾರೆ. ಒಳಗೆ ಏನೂ ಇಲ್ಲವೆಂದು ಅವರ ಕೈಗೆ ಗೊತ್ತು. ಈ ಹುಡುಗಿಯ ಕೈಗೆ ಗೊತ್ತಿರಲಿಲ್ಲ.

ಟಿಕ್ಕಮ್ಮ ಹತ್ತಿರ ಹೋದಳು. ಹುಡುಗಿಯ ಎದೆಯ ಮೇಲಿನ ಬ್ಯಾಜಿನಲ್ಲಿ ಹನ್ನೆರಡು ಎಂದಿತ್ತು.

“ಯಾವ ಅಂಗಡಿಯಮ್ಮ ನಿಂದು?”

“ಇದೇ... ಇಲ್ಲೇ ಕಲೀತಿರೋದು, ಮೇಡಂ.”

“ಮೊಣಕಾಲು ಮಡಿಸಿ, ಸೊಂಟ ಗಟ್ಟಿ ಮಾಡ್ಕೊಂಡು, ಖಾಲಿ ರಟ್ಟು ಎತ್ತೋದನ್ನ ಇಲ್ಲಿ ಕಲಿಸಲ್ಲ.”

ಹುಡುಗಿ ಅತ್ತಿತ್ತ ನೋಡಿದಳು. ಆಮೇಲೆ ದನಿ ಇಳಿಸಿದಳು. “ಮೂಲೆಯ ದಿನಸಿ ಅಂಗಡಿ, ಅಕ್ಕ. ಇವತ್ತೊಂದು ದಿನ ಬಂದು ನಿಂತ್ಕೋ, ದಿನಗೂಲಿ ಕೊಡ್ತೀವಿ ಅಂದ್ರು. ನಿಂತಿದೀನಿ. ತಪ್ಪಾ?”

“ನಿಂದಲ್ಲ ತಪ್ಪು. ಯಾರ ಬ್ಯಾಜು ಅಂತ ಹೇಳಿದ್ರಾ?”

“ಗಿಳಿ ಅಂತ ಯಾರೋ. ಊರಿಗೆ ಹೋಗಿದಾಳಂತೆ.” ಹುಡುಗಿ ಬ್ಯಾಜನ್ನು ಬೆರಳ ತುದಿಯಿಂದ ಮುಟ್ಟಿ, ಬಿಸಿ ತಗುಲಿದಂತೆ ಕೈ ತೆಗೆದಳು. “ಆದ್ರೆ ಅಕ್ಕ, ಊರಿಗೆ ಹೋದೋಳು ಇಲ್ಲಿ ಮಾತಾಡ್ತಾಳಲ್ಲ? ಗಂಟೆಗೊಂದು ಸಲ ಮೈಕಲ್ಲಿ ಬರ್ತಾಳೆ. ಬೆಳಗ್ಗೆ ಹನ್ನೊಂದು ಹೊಡೆಯೋ ಹೊತ್ತಿಗೆ ‘ನಾಲ್ಕನೇ ಕೌಂಟರ್ ತೆರೆದಿದೆ, ದಯವಿಟ್ಟು ಬೇಗ ಬನ್ನಿ’ ಅಂದ್ಲು. ಇರೋದೇ ಮೂರು. ಇವರೆಲ್ಲ ಬಿದ್ದು ಬಿದ್ದು ನಕ್ರು. ನನಗೆ ಮಾತ್ರ ಮೈ ಜುಂ ಅಂತು.”

ಒಂಬತ್ತು ದಿನಗಳ ಹಿಂದೆ ಗಿಳಿ ಈ ಬಾಗಿಲಿನಿಂದ ಒಳಗೆ ಬಂದದ್ದನ್ನು ಎಲ್ಲರೂ ಕಂಡಿದ್ದರು. ಹೊರಗೆ ಹೋದದ್ದನ್ನು ಕಂಡವರಿರಲಿಲ್ಲ.

ಹನ್ನೊಂದರ ಆ ಮಾತನ್ನು ಟಿಕ್ಕಮ್ಮ ಕೇಳಿರಲಿಲ್ಲ. ಸರಿಯಾಗಿ ಹನ್ನೊಂದಕ್ಕೆ ಅವಳು ಗೇಟಿನ ಬಳಿ ಬಸ್ಸಿಳಿದಿದ್ದಳು. ಅಲ್ಲಿ ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡ ಹೆಂಗಸೊಬ್ಬಳು ಅವಳ ಮಣಿಕಟ್ಟು ಹಿಡಿದು, ಹತ್ತು ನಿಮಿಷ ಬಿಟ್ಟಿರಲಿಲ್ಲ. ಗಿಳಿಯ ತಾಯಿ, ಬಟ್ಟೆ ಹೊಲಿದು ಮಗಳನ್ನು ಸಾಕಿದವಳು. “ನನ್ನ ಮಗಳು ಒಳಗೇ ಇದಾಳೆ ಅಕ್ಕ, ಸಹಿ ಹಾಕೋ ಮುಂಚೆ ಒಂದು ಸಲ ಹುಡುಕಿ” ಎಂದಿದ್ದಳು. ರಸ್ತೆಯ ಗದ್ದಲದಲ್ಲಿ ಅಷ್ಟು ಕೇಳಿಸಿದ್ದೇ ಹೆಚ್ಚು. ಮಣಿಕಟ್ಟಿನ ಮೇಲೆ ಈಗಲೂ ದರ್ಜಿಗಳ ನೀಲಿ ಸೀಮೆಸುಣ್ಣದ ನಾಲ್ಕು ಬೆರಳ ಗುರುತು ಇತ್ತು.

“ಮೇಡಂ, ಆಯ್ತಾ?”

ಕೇಂದ್ರದ ನಿರ್ದೇಶಕರು ಮೂರನೇ ಕೌಂಟರಿನ ಹಿಂದಿನಿಂದ ಬಂದರು. ಕೈಯಲ್ಲಿ ವರದಿಯ ಹಾಳೆ, ಮೇಲೆ ಮುಚ್ಚಳ ತೆಗೆದ ಪೆನ್ನು. ಮದುವೆ ಗಂಡಿಗೆ ಹೂವಿನ ಹಾರ ಹಿಡಿದು ನಿಂತವರ ಹಾಗೆ ನಿಂತರು.

“ಆಗಿಲ್ಲ ಸರ್. ತಲೆ ಎಣಿಸಿದೆ, ಹನ್ನೆರಡಿದೆ. ಕೈ ಎಣಿಸಿದೆ, ಹನ್ನೊಂದೇ ಜೊತೆ.”

ನಿರ್ದೇಶಕರ ನಗು ಅರ್ಧಕ್ಕೆ ನಿಂತಿತು. “ಅಂದ್ರೆ?”

“ಮೂಲೆ ಅಂಗಡಿಯವರಿಗೆ ಮಧ್ಯಾಹ್ನದ ವ್ಯಾಪಾರಕ್ಕೆ ಕೈ ಕಮ್ಮಿ ಆಗಿರತ್ತೆ, ಕಳಿಸಿಬಿಡಿ ಅಂದೆ.”

ಅವರು ಅವಳನ್ನು ಗೊಂಬೆಗಳ ಮರೆಗೆ ಕರೆದೊಯ್ದರು. “ನೋಡಿ ಮೇಡಂ, ನಿಮಗೆ ನಿಯಮ ಗೊತ್ತು. ಹನ್ನೆರಡು ಜನ ಮುಗಿಸಿದ್ರೆ ಅನುದಾನ. ಹನ್ನೊಂದಾದ್ರೆ ಸೊನ್ನೆ. ಒಬ್ಬಳು ಓಡಿಹೋದ್ಲು ಅಂತ ಉಳಿದೋರ ಹೊಟ್ಟೆ ಮೇಲೆ ಹೊಡೀಬೇಕಾ? ಈ ಪತ್ರ ಸಿಕ್ರೇನೇ ಅವರಿಗೆ ಕೆಲಸ.”

“ಓಡಿಹೋದ್ಲು ಅಂತ ಯಾರು ಹೇಳಿದ್ರು?”

“ಮತ್ತೇನು, ಆವಿ ಆಗ್ತಾಳಾ? ವಯಸ್ಸಿನ ಹುಡುಗಿ. ನೀವೂ ಹೆಣ್ಣುಮಕ್ಕಳನ್ನ ಹೆತ್ತೋರು...”

“ಅದಕ್ಕೇ ಕೇಳ್ತಿದೀನಿ.”

ಹೊರಗೆ ಲಾರಿ ಬಂದು ನಿಂತಿತ್ತು. ಐದಕ್ಕೆ ಕಟ್ಟಡ ಅದರ ಮಾಲೀಕನಿಗೆ ಒಪ್ಪಿಸಬೇಕು. ಕಪಾಟು, ಕೌಂಟರು, ಗೊಂಬೆ ಎಲ್ಲ ಬಿಚ್ಚಿ ಮುಂದಿನ ಊರಿಗೆ. ವಿದ್ಯುತ್ತಿನವರು ಐದಕ್ಕೆ ಬಂದು ಇಡೀ ಕಟ್ಟಡದ ತಂತಿ ಕಿತ್ತುಕೊಂಡು ಹೋಗುತ್ತಾರೆ. ಆಮೇಲೆ ಇಲ್ಲಿ ಹುಡುಕಲು ಗೋಡೆಗಳಷ್ಟೇ ಇರುತ್ತವೆ.

“ಅವಳ ದನಿ ಯಾಕೆ ಬರತ್ತೆ?”

“ಅದಾ? ಪಾಠಕ್ಕೆ ಅಂತ ಅವಳ ಕೈಲೇ ರೆಕಾರ್ಡ್ ಮಾಡಿಸಿದ್ವಿ. ಗಿಳಿ ಅಂತ ಹೆಸರು ಬಂದಿದ್ದೇ ಅದಕ್ಕೆ. ಆ ಯಂತ್ರ ತನ್ನಷ್ಟಕ್ಕೆ ತಾನೇ ಹಾಡ್ಕೊಳತ್ತೆ.”

“ನಿಲ್ಲಿಸಿ.”

“ಈಗಲೇ?”

“ಮೂರಾಗೋಕೆ ಎರಡು ನಿಮಿಷ ಇದೆ.”

ನಿರ್ದೇಶಕರು ಕೌಂಟರಿನ ಕೆಳಗೆ ಬಗ್ಗಿ ಕಪ್ಪು ಪೆಟ್ಟಿಗೆಯ ತಂತಿ ಹುಡುಕಿ, ಗೋಡೆಯಿಂದ ಕಿತ್ತರು. ಪೆಟ್ಟಿಗೆಯ ಹಸಿರು ಕಣ್ಣು ಆರಿತು. “ತಗೊಳ್ಳಿ. ಸತ್ತೇಹೋಯ್ತು.”

ಟಿಕ್ಕಮ್ಮ ಸಾಲುಗಳ ನಡುವೆ ನಡೆದಳು. ಬಾಗಿಲಿನಿಂದ ಬರುವವರ ಎಡಗಡೆಯಿಂದ ಎರಡನೇ ಸಾಲಿನಲ್ಲಿ ಸಾಬೂನಿನ ಪೆಟ್ಟಿಗೆಗಳು ಮುಖ ಮುಂದೆ ಮಾಡಿ ಕೂತಿದ್ದವು. ಒಂದನ್ನು ಕೈಗೆತ್ತಿಕೊಂಡಳು. ಇಲ್ಲದ ಸಾಬೂನಿಗೂ ಒಂದು ವಾಸನೆ ಇತ್ತು.

ಮೇಲಿನ ಸ್ಪೀಕರಿನಲ್ಲಿ ಯಾರೋ ಉಸಿರೆಳೆದುಕೊಂಡರು.

“ಗ್ರಾಹಕರ ಗಮನಕ್ಕೆ,” ಎಂದಿತು ಹುಡುಗಿಯ ದನಿ, ತೊಳೆದ ಗಾಜಿನ ಹಾಗೆ ಸ್ವಚ್ಛವಾಗಿ. “ಸ್ನಾನದ ಸಾಬೂನು ಮೂರನೇ ಸಾಲಿನಲ್ಲಿದೆ. ಧನ್ಯವಾದಗಳು.”

ಹನ್ನೊಂದು ಮಂದಿಯೂ ಕೆಲಸ ನಿಲ್ಲಿಸಿದರು. ಮೂಲೆ ಅಂಗಡಿಯ ಹುಡುಗಿ ಬ್ಯಾಜು ಕಿತ್ತು ಕಪಾಟಿನ ಮೇಲಿಟ್ಟು, ಕೂಲಿಯನ್ನೂ ಕೇಳದೆ ಬಾಗಿಲಿನತ್ತ ಹೊರಟುಹೋದಳು.

ನಿರ್ದೇಶಕರು ಇನ್ನೂ ಬಗ್ಗಿಕೊಂಡೇ ಇದ್ದರು. ಕಿತ್ತ ತಂತಿ ಅವರ ಕೈಯಲ್ಲೇ ತೂಗಾಡುತ್ತಿತ್ತು. ಅದನ್ನೊಮ್ಮೆ, ಸ್ಪೀಕರನ್ನೊಮ್ಮೆ ನೋಡಿದರು. ಅವರ ಮುಖದಲ್ಲಿದ್ದ ಹೆದರಿಕೆ ನಟನೆಯದಲ್ಲ. ಈ ಮನುಷ್ಯ ಸುಳ್ಳುಗಾರ ಹೌದು, ಆದರೆ ಈ ಸುಳ್ಳು ಇವನದಲ್ಲ ಎಂದು ಟಿಕ್ಕಮ್ಮ ಮನಸ್ಸಿನಲ್ಲೇ ಒಂದು ಗೆರೆ ಎಳೆದಳು.

ಕಿಟಕಿಯಿಂದ ಹೊರಗೆ ನೋಡಿದಳು. ಗೇಟಿನ ಮೆಟ್ಟಿಲ ಮೇಲೆ ತಾಯಿಯ ಹೊಲಿಗೆಯ ಚೀಲ ಇತ್ತು. ತಾಯಿ ಇರಲಿಲ್ಲ. ಪಾಪ, ನೀರು ಕುಡಿಯಲು ಹೋಗಿರಬೇಕು ಎಂದುಕೊಂಡಳು.

ಮೂಲೆಯ ಮೇಜಿನಲ್ಲಿ ಒಬ್ಬರು ಮಾತ್ರ ಕೆಲಸ ನಿಲ್ಲಿಸಿರಲಿಲ್ಲ.

ಕಲಿಸುವ ಮುದುಕರನ್ನು ಎಲ್ಲರೂ ಮಡಿಕೆ ಮೇಷ್ಟ್ರು ಎನ್ನುತ್ತಿದ್ದರು. ಅಂಗಿ ಸಿಕ್ಕರೆ ಅಂಗಿ, ಕಾಗದ ಸಿಕ್ಕರೆ ಕಾಗದ, ಅವರ ಕೈ ಮಡಚುತ್ತಲೇ ಇರುತ್ತಿತ್ತು. ಹಳೆಯ ಅಂಗಡಿಯಲ್ಲಿ ಅವರ ಕೂದಲು ನೆರೆತಿತ್ತು; ಅಂಗಡಿ ಸತ್ತ ಮೇಲೂ ಅದರೊಳಗೇ ಉಳಿದವರು. ಒಮ್ಮೆ ಬೆಂಕಿಯ ಗಂಟೆ ಬಾರಿಸಿದಾಗ ಎಲ್ಲರೂ ಬೀದಿಗೆ ಓಡಿದರೂ ಮೇಷ್ಟ್ರು ಕೈಲಿದ್ದ ಅಂಗಿಯ ಎರಡನೇ ತೋಳು ಮಡಚಿ, ಕಾಲರು ತಟ್ಟಿ, ಆಮೇಲೆ ಹೊರಬಂದರಂತೆ. ಅರ್ಧ ಮಡಚಿದ ಅಂಗಿ ಬಿಟ್ಟು ಹೋಗೋದು ಅರ್ಧ ಕಟ್ಟಿದ ಮನೆ ಬಿಟ್ಟು ಹೋದ ಹಾಗೆ ಎಂದು ಮಕ್ಕಳಿಗೆ ಹೇಳುತ್ತಿದ್ದರಂತೆ.

“ಮೇಷ್ಟ್ರೇ, ನಿಮಗೆ ಹೆದರಿಕೆ ಆಗಲ್ವಾ?”

“ಯಾಕಮ್ಮ? ನನ್ನ ಶಿಷ್ಯೆ ದನಿ.” ಅವರು ತಲೆ ಎತ್ತಲಿಲ್ಲ. “ತಪ್ಪು ಹೇಳಿದ್ಲು ಅಂತ ಬೇಜಾರು, ಅಷ್ಟೇ.”

“ಸಾಬೂನು ಎರಡನೇ ಸಾಲು.”

“ಹೌದು. ಅವಳು ಇಂಥ ತಪ್ಪು ಮಾಡೋಳಲ್ಲ. ನನ್ನ ಮೊದಲ ಪಾಠವೇ ಅದು. ಕಾಗದ ನೋಡಿ ಓದಬೇಡ. ಅಂಗಡಿ ನೋಡು, ಎಣಿಸು, ಆಮೇಲೆ ಬಾಯಿ ಬಿಡು. ನೀನು ಎಲ್ಲೇ ನಿಂತಿರು, ಎಣಿಸೋದು ಮಾತ್ರ ಬಾಗಿಲಿಂದ ಒಳಗೆ ಬರೋ ಗಿರಾಕಿಯ ಎಡಗಡೆಯಿಂದ. ಹತ್ತು ಜನ ಮರೆತ್ರೂ ಗಿಳಿ ಮರೀಲಿಲ್ಲ.”

“ಸಾಬೂನು ಮೊದಲಿಂದಲೂ ಅಲ್ಲೇ ಇತ್ತಾ?”

ಮೇಷ್ಟ್ರ ಬೆರಳು ಒಂದು ಕ್ಷಣ ನಿಂತು ಮತ್ತೆ ನಡೆಯಿತು. “ಇಲ್ಲ. ಮೊದಲನೇ ಸಾಲಲ್ಲಿತ್ತು. ನೀವು ಬರ್ತೀರಿ ಅಂತ ನಿನ್ನೆ ನಾನೇ ಬದಲಾಯಿಸಿದೆ.”

ನಿನ್ನೆ. ಗಿಳಿ ಕಾಣೆಯಾಗಿ ಒಂಬತ್ತು ದಿನ.

“ಇನ್ನೊಂದು ಕೇಳ್ತೀನಿ. ಹಳೇ ಅಂಗಡಿಯಲ್ಲಿ ಎಷ್ಟು ಕೌಂಟರ್ ಇತ್ತು?”

“ಮೂರು,” ಎಂದರು ಮೇಷ್ಟ್ರು. “ಯಾವತ್ತೂ ಮೂರೇ.”

ಅವರು ಅಂಗಿಯ ಎರಡನೇ ತೋಳು ಮಡಚಿ, ಕಾಲರು ತಟ್ಟಿ, ರಾಶಿಯ ಮೇಲಿಟ್ಟರು.

ಟಿಕ್ಕಮ್ಮ ಸಾಲುಗಳ ಎದುರು ಹೋಗಿ ನಿಂತಳು. ಬಾಗಿಲಿಗೆ ಬೆನ್ನು ಮಾಡಿ ಎಣಿಸಿದಳು. ಎಡದಿಂದ ಒಂದು, ಎರಡು. ಸಾಬೂನು. ಆಮೇಲೆ ನಿಧಾನವಾಗಿ ಇಡೀ ಅಂಗಡಿ ದಾಟಿ, ಕೊನೆಯ ಗೋಡೆಗೆ ಬೆನ್ನು ತಾಗಿಸಿ ತಿರುಗಿದಳು. ಈಗ ಬಾಗಿಲು ಎದುರಿಗೆ. ಎಡದಿಂದ ಒಂದು, ಎರಡು, ಮೂರು.

ಸಾಬೂನು.

ಬೆನ್ನಿಗೆ ತಣ್ಣಗೆ ತಾಗಿತು. ಅವಳು ಒರಗಿದ್ದು ಗೋಡೆಗಲ್ಲ. ಹಳೆಯ ಅಂಗಡಿಯ ಗಿರಾಕಿಗಳು ಹೊಸ ಬಟ್ಟೆ ತೊಟ್ಟು ನೋಡಿಕೊಳ್ಳುತ್ತಿದ್ದ ಆಳೆತ್ತರದ ಕನ್ನಡಿಗೆ.

ಹಾಗಾದರೆ ಮಾತಾಡಿದವರು ಇಲ್ಲಿ, ಈ ಜಾಗದಿಂದ, ಈ ಅಂಗಡಿಯನ್ನು ನಿನ್ನೆಯಿಂದೀಚೆಗೆ ಕಂಡವರು. ಮತ್ತು ಮೇಷ್ಟ್ರ ಮೊದಲ ಪಾಠ ಗೊತ್ತಿಲ್ಲದವರು. ಅಂದರೆ ಗಿಳಿಯಲ್ಲ.

ಗಿಳಿಯ ದನಿ, ಆದರೆ ಗಿಳಿಯಲ್ಲ. ಟಿಕ್ಕಮ್ಮ ಕನ್ನಡಿಯತ್ತ ತಿರುಗಿ ತುಟಿ ಸವರಿಕೊಂಡಳು. ಕನ್ನಡಿಯೊಳಗಿನ ಟಿಕ್ಕಮ್ಮನೂ ತುಟಿ ಸವರಿಕೊಂಡಳು. ಅವಳ ಹಿಂದೆ ಏಳು ಗೊಂಬೆಗಳು ಇಲ್ಲದ ಕತ್ತುಗಳನ್ನು ಇತ್ತ ಚಾಚಿದಂತಿದ್ದವು.

ಚೀಲದಲ್ಲಿ ಫೋನು ಗುರ್ ಎಂದಿತು. ಅವಳ ಮಗಳು. “ಅಮ್ಮ, ಇಸ್ತ್ರಿ ಎಲ್ಲಿಟ್ಟಿದೀಯ?” ಎಂದು ಬರೆದಿದ್ದಳು. ಬರೆದ ಮಾತಿನಲ್ಲೂ ಮಗಳ ದನಿ ಕೇಳಿಸಿತು. ಪಕ್ಕದ ಮನೆಯವರು ಫೋನು ಮಾಡಿದಾಗಲೆಲ್ಲ ಅಮ್ಮ ಯಾರು, ಮಗಳು ಯಾರು ಎಂದು ತಬ್ಬಿಬ್ಬಾಗುವ ದನಿ.

ಟಿಕ್ಕಮ್ಮ ಉತ್ತರ ಬರೆಯದೆ ಫೋನನ್ನು ಮತ್ತೆ ಚೀಲಕ್ಕೆ ಹಾಕಿದಳು.

ಆಮೇಲೆ ಕನ್ನಡಿಯ ಪಕ್ಕದ ಮೂರು ಟ್ರಯಲ್ ರೂಮುಗಳನ್ನು ಒಂದೊಂದಾಗಿ ನೋಡಿದಳು. ಮೊದಲೆರಡರ ಚಿಲಕಗಳ ಮೇಲೆ ಧೂಳು. ಮೂರನೆಯದಕ್ಕೆ ‘ಕೆಟ್ಟಿದೆ’ ಎಂಬ ಹಲಗೆ ನೇತುಹಾಕಿತ್ತು. ಒಳಗೆ ಹೋದಳು. ಹಿಂಬದಿಯ ಹಲಗೆಗೋಡೆಯ ಅಂಚಿನಲ್ಲಿ, ಕೈ ಇಟ್ಟು ತಳ್ಳುವ ಎತ್ತರದಲ್ಲಿ, ನಾಲ್ಕು ಬೆರಳ ನೀಲಿ ಗುರುತು. ತನ್ನ ಮಣಿಕಟ್ಟನ್ನು ಪಕ್ಕಕ್ಕೆ ಹಿಡಿದಳು.

ಬೇರೆ ಅಳತೆಪಟ್ಟಿ ಬೇಕಾಗಿರಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅವಳು ಕಿಟಕಿಗೆ ಹೋಗಿ ನೋಡಿದಳು. ಮೆಟ್ಟಿಲ ಮೇಲೆ ಚೀಲ ಇತ್ತು, ತಾಯಿ ಇರಲಿಲ್ಲ. ಟಿಕ್ಕಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಮೂರನೇ ಟ್ರಯಲ್ ರೂಮಿಗೆ ಬಂದು, ಹಲಗೆಯನ್ನು ನೀಲಿ ಗುರುತಿನ ಮೇಲೇ ಒತ್ತಿದಳು. ಸದ್ದಿಲ್ಲದೆ ತೆರೆಯಿತು. ಯಾರೋ ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದರು.

ಒಳಗೆ ಇಕ್ಕಟ್ಟಿನ ಕತ್ತಲು. ಕತ್ತಲಿನ ಕೊನೆಗೆ ನಸುಬೆಳಕಿನ ಒಂದು ಚೌಕ. ಅದು ಕನ್ನಡಿಯ ಹಿಂಬದಿ. ಆಚೆಯಿಂದ ಕನ್ನಡಿ, ಈಚೆಯಿಂದ ಕಿಟಕಿ. ಇಡೀ ಸುಳ್ಳಂಗಡಿ ಮೀನಿನ ತೊಟ್ಟಿಯ ಹಾಗೆ ಕಾಣುತ್ತಿತ್ತು. ಗಾಜಿನ ಮುಂದೆ ಬೆನ್ನು ಮಾಡಿ ಕೂತ ಒಂದು ಆಕೃತಿ ಹಳೆಯ ಮೈಕಿಗೆ ಬಾಯಿ ಹತ್ತಿರ ತಂದು ಉಸಿರೆಳೆದುಕೊಂಡಿತು.

“ಗ್ರಾಹಕರ ಗಮನಕ್ಕೆ.”

ಒಂದೇ ದನಿ ಎರಡು ಕಡೆಯಿಂದ ಬಂತು. ಎದುರಿನಿಂದ ಸಣ್ಣಗೆ, ಗಂಟಲಿನ ನಡುಕದ ಸಮೇತ. ಗಾಜಿನಾಚೆಯಿಂದ ದೊಡ್ಡದಾಗಿ, ನಡುಕವಿಲ್ಲದೆ. ಗೋಡೆಯೊಂದು ಹೆಂಗಸನ್ನು ನುಂಗಿ ಹುಡುಗಿಯನ್ನು ಉಗುಳಿದ ಹಾಗಿತ್ತು.

“ಸ್ನಾನದ ಸಾಬೂನು...”

“ಎರಡನೇ ಸಾಲು,” ಎಂದಳು ಟಿಕ್ಕಮ್ಮ. “ಬಾಗಿಲ ಕಡೆ ನಿಂತು ಎಣಿಸಬೇಕು, ಅಮ್ಮ.”

ತಾಯಿ ಕಿರುಚಲಿಲ್ಲ. ಮೈಕಿನ ಗುಂಡಿ ಆರಿಸಿ, ಮೆಲ್ಲಗೆ ತಿರುಗಿದಳು. ಕುತ್ತಿಗೆಯ ಅಳತೆಪಟ್ಟಿ ನಸುಬೆಳಕಿನಲ್ಲಿ ಹಳದಿಯಾಗಿ ಹೊಳೆಯಿತು.

“ಅಷ್ಟು ಗೊತ್ತಿರಲಿಲ್ಲ,” ಎಂದಳು. ಈಗ ಅದು ಐವತ್ತರ ಹೆಂಗಸಿನ ದನಿ. “ದಿನಾ ಮನೇಲಿ ಅಭ್ಯಾಸ ಮಾಡ್ತಿದ್ಲು. ಪಾತ್ರೆ ಎರಡನೇ ಸಾಲಲ್ಲಿದೆ, ಅಮ್ಮ ಮೊದಲನೇ ಸಾಲಲ್ಲಿದಾಳೆ ಅಂತ. ನಾನೂ ಅವಳ ಹಾಗೇ ಅಣಕಿಸ್ತಿದ್ದೆ. ಎಲ್ಲಿಂದ ಎಣಿಸ್ತಾಳೆ ಅಂತ ಕೇಳಲೇ ಇಲ್ಲ.”

“ಇಲ್ಲಿಗೆ ಹೇಗೆ ಬಂದ್ರಿ?”

“ಹಿಂದಿನ ಓಣಿಯಿಂದ. ರಾತ್ರಿ ಈ ಹಲಗೆ ದಾಟಿ ಅಂಗಡೀಲೂ ಹುಡುಕಿದೆ. ಇದರ ಪಕ್ಕ ಹೊಲಿಗೆ ಕೋಣೆ ಇತ್ತು. ಪ್ಯಾಂಟು ಉದ್ದ ಆಯ್ತು, ತೋಳು ಗಿಡ್ಡ ಆಯ್ತು ಅಂತ ಬಂದಿದ್ನೆಲ್ಲ ಸರಿ ಮಾಡ್ತಿದ್ದೋಳು ನಾನೇ. ಅಂಗಡಿ ಮುಚ್ಚಿದಾಗ ಕೀ ವಾಪಸ್ ಕೇಳಲಿಲ್ಲ. ದರ್ಜಿಯವಳ ಹತ್ರ ಕೀ ಇದೆ ಅಂತ ಯಾರಿಗೆ ನೆನಪು? ಈ ಕೋಣೇಲಿ ಕಳ್ಳ ಗಿರಾಕಿಗಳನ್ನ ಕಾಯೋಕೆ ಒಬ್ಬ ಕೂತಿರ್ತಿದ್ದ. ಮೈಕೂ ಅವನದೇ.”

“ಯಾಕೆ ಹೀಗೆ ಮಾಡಿದ್ರಿ?”

“ಇನ್ನೇನು ಮಾಡ್ಲಿ?” ತಾಯಿ ಎದ್ದು ನಿಂತಳು. “ಪೊಲೀಸರು ವಯಸ್ಸಿಗೆ ಬಂದ ಹುಡುಗಿ, ಬರ್ತಾಳೆ ಬಿಡಿ ಅಂದ್ರು. ಇಲ್ಲಿಯೋರು ಕೋರ್ಸು ಬಿಟ್ಲು ಅಂದ್ರು. ಆರು ದಿನ ಆ ಮೆಟ್ಟಿಲ ಮೇಲೆ ಕೂತೆ. ದಾರಿಯಲ್ಲಿ ಸತ್ತುಬಿದ್ದ ನಾಯಿನಾದ್ರೂ ಒಬ್ಬರು ತಿರುಗಿ ನೋಡ್ತಾರೆ ಅಕ್ಕ, ನನ್ನ ಮಗಳನ್ನ ಕೇಳೋರಿರಲಿಲ್ಲ. ಇವಳ ದನಿ ಕೇಳ್ತಾ ಇದ್ರೆ ಇವರಿಗೆ ನಿದ್ದೆ ಬರಲ್ಲ, ಯಾರಾದ್ರೂ ಒಬ್ಬರು ಹುಡುಕ್ತಾರೆ ಅಂದ್ಕೊಂಡೆ. ಮೂರು ದಿನದಿಂದ ಹೇಳ್ತಿದೀನಿ.”

“ಮಗಳು ಬದುಕಿದಾಳೆ ಅಂತ ನನ್ನನ್ನ ನಂಬಿಸೋಕೆ ನೋಡಿದ್ರಿ.”

“ನನ್ನನ್ನೇ ನಂಬಿಸ್ಕೊಳ್ತಿದ್ದೆ.” ತಾಯಿ ಮೈಕನ್ನು ಬೆರಳಿಂದ ಮುಟ್ಟಿದಳು. “ಮೈಕಲ್ಲಿ ಮಾತಾಡಿದಾಗ ಆಚೆಯಿಂದ ಅವಳೇ ಮಾತಾಡಿದ ಹಾಗೆ ಕೇಳತ್ತೆ. ಒಂದು ನಿಮಿಷ... ಒಂದೇ ನಿಮಿಷ. ಆಮೇಲೆ ಮತ್ತೆ ಒಂದು ಗಂಟೆ ಕಾಯಬೇಕು.”

ಟಿಕ್ಕಮ್ಮ ಚಪ್ಪಲಿಗಳನ್ನು ಕೆಳಗಿಟ್ಟು ಕಾಲಿಗೆ ಹಾಕಿಕೊಂಡಳು. ಒಳಗೆ ಎಲ್ಲೋ ಒಂದು ಹಗ್ಗ ಸಡಿಲವಾದ ಹಾಗೆ ಆಯಿತು. ದೆವ್ವ ಇಲ್ಲ. ಇರುವುದು ಒಬ್ಬ ತಾಯಿ ಮಾತ್ರ. ಆದರೆ ದೆವ್ವವೇ ಇದ್ದಿದ್ದರೆ ವಾಸಿಯಿತ್ತೇನೋ. ಈಗ ಗಿಳಿಯ ಒಂದೇ ಒಂದು ಸುಳಿವು ಹೊಲಿಗೆಯ ದಾರದ ಹಾಗೆ ಕೈಯಲ್ಲೇ ತುಂಡಾಗಿತ್ತು.

“ಎಲ್ಲ ಸರಿ,” ಎಂದಳು ಸುಸ್ತಾಗಿ. “ಸಾಬೂನು ಕಂಡ್ರಿ, ಸಾಬೂನು ಹೇಳಿದ್ರಿ. ಆದ್ರೆ ಇವತ್ತು ನಾಲ್ಕನೇ ಕೌಂಟರ್ ಅಂದಿದ್ದು ಯಾಕೆ? ಇಲ್ಲಿಂದ ನೋಡಿದ್ರೂ ಮೂರೇ ಕಾಣತ್ತಲ್ಲ.”

“ಯಾವ ನಾಲ್ಕನೇ ಕೌಂಟರ್?”

“ಬೆಳಗ್ಗೆ. ಬೇಗ ಬನ್ನಿ ಅಂದ್ರಂತಲ್ಲ.”

“ನಾನು ಬೆಳಗ್ಗೆ ಹತ್ತಕ್ಕೆ ಒಂದು ಸಲ ಹೇಳಿದೆ. ಮತ್ತೆ ಹನ್ನೆರಡಕ್ಕೆ.” ತಾಯಿ ಹುಬ್ಬು ಗಂಟಿಕ್ಕಿದಳು. “ಎರಡು ಸಲವೂ ಸಾಬೂನೇ.”

“ಹನ್ನೊಂದಕ್ಕೆ.”

“ಹನ್ನೊಂದಕ್ಕೆ ನಾನು ಎಲ್ಲಿದ್ದೆ ಅಂತ ನನ್ನ ಕೇಳ್ತೀರಾ?” ಎಂದಳು ತಾಯಿ.

ಟಿಕ್ಕಮ್ಮ ತನ್ನ ಮಣಿಕಟ್ಟು ನೋಡಿಕೊಂಡಳು. ನಾಲ್ಕು ಬೆರಳು, ನೀಲಿ. ಹನ್ನೊಂದರಿಂದ ಹನ್ನೊಂದೂ ಹತ್ತರವರೆಗೆ, ಗೇಟಿನ ಬಳಿ, ಬಿಡದೆ.

ತಾಯಿ ಅಳತೆಪಟ್ಟಿಯ ಎರಡೂ ತುದಿ ಹಿಡಿದುಕೊಂಡಳು.

“ಬೇಗ ಬನ್ನಿ ಅಂದ್ಲಾ?” ತಾಯಿಯ ದನಿ ಗಾಳಿಗಿಂತ ತೆಳುವಾಯಿತು. “ನನ್ನ ಮಗು ಬೇಗ ಬನ್ನಿ ಅಂತ ಕರೀತಾ? ನಾನು ಅದೇ ಹೊತ್ತಲ್ಲಿ ಗೇಟಲ್ಲಿ ನಿಂತು ಅಳ್ತಾ ಇದ್ನಾ?”

“ಅಮ್ಮ, ನೋಡಿ ಇಲ್ಲಿ. ನಾಲ್ಕನೇ ಕೌಂಟರ್ ಅಂತ ಒಂದಿತ್ತಾ?”

“ಇತ್ತು. ಕೆಳಗೆ, ನೆಲಮಾಳಿಗೆಯಲ್ಲಿ. ಉಳಿದ ಬಟ್ಟೆ ಅಗ್ಗಕ್ಕೆ ಮಾರೋ ಜಾಗ. ಅಲ್ಲೂ ಒಂದು ಮೈಕು ಇತ್ತು. ನೀರು ನುಗ್ಗತ್ತೆ ಅಂತ ಮೆಟ್ಟಿಲಿಗೆ ಅಡ್ಡ ಗೋಡೆ ಕಟ್ಟಿಸಿಬಿಟ್ರು. ಇಲ್ಲಿ ಓಡಾಡಿದ ಹಳಬರಿಗೆಲ್ಲ ಗೊತ್ತು.”

“ಮೇಷ್ಟ್ರಿಗೆ?”

“ಅದೇನು ಹಾಗೆ ಕೇಳ್ತೀರಿ? ಮೇಷ್ಟ್ರೇ ಇಪ್ಪತ್ತು ವರ್ಷ ಆ ನಾಲ್ಕನೇ ಕೌಂಟರಲ್ಲಿ ಕೂತಿದ್ದೋರು. ಆ ಅಡ್ಡ ಗೋಡೆ ನಿಂತು ಕಟ್ಟಿಸಿದ್ದೂ ಅವರೇ, ಬೇರೆ ದಾರಿ ಇದ್ರೆ ಅವರಿಗೇ ಗೊತ್ತು.”

ಮೂರು. ಯಾವತ್ತೂ ಮೂರೇ.

ಟಿಕ್ಕಮ್ಮ ಗಾಜಿನತ್ತ ತಿರುಗುವ ಮೊದಲೇ ತಾಯಿ ಅವಳ ತೋಳು ಹಿಡಿದಳು. ಮೈಕಿನ ಮೇಲೆ, ಗೋಡೆಯಲ್ಲಿ ಒಂದು ಹಿತ್ತಾಳೆಯ ಪಟ್ಟಿ. ಅದರಲ್ಲಿ ಗುಂಡಿಯಷ್ಟೇ ದೊಡ್ಡ ನಾಲ್ಕು ದೀಪ. ಪ್ರತಿಯೊಂದರ ಕೆಳಗೂ ಒಂದು ಅಂಕಿ. ಕೌಂಟರಿನಲ್ಲಿ ಕೂತವರಿಗೆ ಯಾರಾದರೂ ತೊಂದರೆ ಕೊಟ್ಟರೆ ಮೇಜಿನ ಕೆಳಗಿನ ಗುಂಡಿ ಒತ್ತುತ್ತಿದ್ದರು, ಇಲ್ಲಿ ದೀಪ ಹತ್ತುತ್ತಿತ್ತು. ತಾಯಿ ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದಳು, ಕಣ್ಣು ಕೀಳದೆ.

ಮೂರು ದೀಪಗಳು ಸತ್ತಿದ್ದವು.

ನಾಲ್ಕನೆಯದು ಉರಿಯುತ್ತಿತ್ತು.

ಮಬ್ಬಾದ, ಕೆಂಪಗಿನ, ಸಾಸಿವೆಯಷ್ಟು ಬೆಳಕು. ಒಮ್ಮೆ ಆರಿತು. ಮತ್ತೆ ಹತ್ತಿತು. ಯಾರೋ ಬೆರಳೆತ್ತಿ ಮತ್ತೆ ಒತ್ತಿದ್ದರು.

“ಗಿಳಿ,” ಎಂದಳು ತಾಯಿ ದೀಪಕ್ಕೆ.

ಟಿಕ್ಕಮ್ಮ ಗಾಜಿನಾಚೆ ನೋಡಿದಳು. ಗಡಿಯಾರದಲ್ಲಿ ನಾಲ್ಕೂ ಕಾಲು ದಾಟಿತ್ತು. ಲಾರಿಯವರು ಮೊದಲನೇ ಸಾಲು ಬಿಚ್ಚತೊಡಗಿದ್ದರು. ವಿದ್ಯುತ್ತಿನವರು ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದರು. ಒಬ್ಬ ಏಣಿ ಹೊತ್ತು ಮುಖ್ಯ ಪೆಟ್ಟಿಗೆಯತ್ತ ನಡೆಯುತ್ತಿದ್ದ. ನಿರ್ದೇಶಕರು ಪೆನ್ನು ಹಿಡಿದು ಅವಳನ್ನೇ ಹುಡುಕುತ್ತಿದ್ದರು. ಹನ್ನೊಂದು ಮಂದಿ ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು.

ಮೂಲೆಯ ಮೇಜಿನಲ್ಲಿ ಯಾರೂ ಇರಲಿಲ್ಲ.

ಮೇಜಿನ ಮೇಲೆ ಒಂದು ಬಿಳಿ ಅಂಗಿ ಬಿದ್ದಿತ್ತು. ಒಂದು ತೋಳು ಅಚ್ಚುಕಟ್ಟಾಗಿ ಮಡಚಿತ್ತು. ಇನ್ನೊಂದು ತೋಳು ಮೇಜಿನಿಂದ ಕೆಳಗೆ ಜೋತಾಡುತ್ತಿತ್ತು, ಆಗಷ್ಟೇ ಯಾರೋ ಬಿಟ್ಟು ಎದ್ದುಹೋದ ಹಾಗೆ, ಇನ್ನೂ ಸಣ್ಣಗೆ ತೂಗುತ್ತ.

ಅವಳ ಹಿಂದೆ ತಾಯಿ ಚೀರಿದಳು.

ಟಿಕ್ಕಮ್ಮ ತಿರುಗಿದಳು. ನಾಲ್ಕನೇ ದೀಪ ಆರಿಹೋಗಿತ್ತು. ಗಾಜಿನಾಚೆ ಅಂಗಡಿಯ ದೀಪಗಳೆಲ್ಲ ಇನ್ನೂ ಉರಿಯುತ್ತಲೇ ಇದ್ದವು. ಅದನ್ನು ಆರಿಸಿದ್ದು ವಿದ್ಯುತ್ತಿನವರಲ್ಲ.